ಓಡಬಾರದ ಗಡಿಯಾರ

ಮಾರ್ಚ್ ೪, ಸೋಮವಾರ

ಇದು ದಿನಚರಿ ಪುಸ್ತಕವಲ್ಲ, ಅಪ್ಪನ ಗಡಿಯಾರದಂಗಡಿಯ ರಿಪೇರಿ ಪುಸ್ತಕ. ಪ್ರತಿ ಪುಟದಲ್ಲೂ ಮೂರು ಕಾಲಂ ಅಚ್ಚಾಗಿದೆ: ವಸ್ತು, ದೋಷ, ಕೊಡುವ ದಿನ. ಬರೆದುಕೊಳ್ಳಲು ಒಂದು ನೋಟ್‌ಬುಕ್ ಬೇಕು ಎಂದು ಕೇಳಿದ್ದಕ್ಕೆ ಅಪ್ಪ ಕಪಾಟಿನಿಂದ ಇದನ್ನು ತೆಗೆದು, ಧೂಳು ಕೊಡವಿ ಕೊಟ್ಟರು. ಮನೆಯಲ್ಲಿ ಇಪ್ಪತ್ತು ಇರುವಾಗ ಹೊಸದೇಕೆ ಎಂದು ಬಾಯಲ್ಲಿ ಹೇಳಲಿಲ್ಲ, ಮುಖ ಹೇಳಿತು.

ಬಸ್ಸಿನ ಕಿಟಕಿಯ ಹತ್ತಿರ ನಿಂತು ಷರತ್ತನ್ನು ಇನ್ನೊಮ್ಮೆ ನೆನಪಿಸಿದರು.

"ಮೂರು ತಿಂಗಳು. ಜೂನ್ ನಾಲ್ಕರೊಳಗೆ ನಿನ್ನ ಮುಖ ಟೀವೀಲಿ ಕಾಣಿಸ್ಬೇಕು. ಕಾಣಿಸ್ತು ಅನ್ನು, ನಿನ್ನ ದಾರಿ ನಿಂದು. ಇಲ್ಲಾಂದ್ರೆ ಬಂದು ಅಂಗಡೀಲಿ ಕೂತ್ಕೋಬೇಕು. ಆಯ್ತಾ?"

"ಆಯ್ತು ಅಪ್ಪ," ಎಂದೆ. ನನಗೆ ಇಪ್ಪತ್ತಾರು ವರ್ಷ, ಕಾಲೇಜಿನ ನಾಟಕಗಳಲ್ಲಿ ಎರಡು ಬಹುಮಾನ ಬಂದಿದೆ. ಮೂರು ತಿಂಗಳು ಧಾರಾಳವಾಯಿತು.

ಈಗ ಅತ್ತೆಯ ಮನೆಯಲ್ಲಿದ್ದೇನೆ. ಅತ್ತೆ ಅಂದರೆ ಅಪ್ಪನ ತಂಗಿ. ಮೂರನೇ ಮಹಡಿ, ಒಂದು ರೂಮು, ಪರದೆಯ ಹಿಂದೆ ಅಡುಗೆಮನೆ. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಮಾಡುವುದು ಅವರ ಕೆಲಸ. ಹಾಗಾಗಿ ಮನೆಯಲ್ಲೂ ಕಂಡಿದ್ದನ್ನೆಲ್ಲ ನಾಲ್ಕು ಮಡಿಕೆ ಮಾಡುತ್ತಾರೆ. ನಾನು ಬಂದ ಗಂಟೆಯೊಳಗೆ ನನ್ನ ಬಸ್ ಟಿಕೇಟನ್ನೂ ಮಡಿಸಿಟ್ಟರು. ಎರಡನೇ ಮಹಡಿಯಲ್ಲಿರುವ ಏಜೆಂಟಣ್ಣ ಸೀರಿಯಲ್‌ಗಳಿಗೆ ಜನ ಒದಗಿಸುತ್ತಾನೆ. ಮದುವೆಗೆ ಅರವತ್ತು ಜನ, ಸಾವಿಗೆ ಮೂವತ್ತು, ಆಸ್ಪತ್ರೆಗೆ ಎಂಟು. ಬುಧವಾರದಿಂದ ನಾನು ಆಸ್ಪತ್ರೆಯ ಎಂಟರಲ್ಲಿ ಒಬ್ಬಳು.

ಅಚ್ಚಾದ ಕಾಲಂ ಹಾಳು ಮಾಡುವುದು ಬೇಡ. ವಸ್ತು: ನಾನು. ದೋಷ: ಮುಖ ಇನ್ನೂ ಯಾರಿಗೂ ಕಂಡಿಲ್ಲ. ಕೊಡುವ ದಿನ: ಜೂನ್ ೪.

ಮಾರ್ಚ್ ೬, ಬುಧವಾರ

ಸ್ಟುಡಿಯೋ ಅಂದರೆ ಒಂದು ಹಳೆಯ ಗೋದಾಮು. ಶ್ರೀಮಂತರ ಮನೆಯ ಹಾಲ್‌ನ ಹಿಂದಿನ ಬಾಗಿಲು ತೆಗೆದರೆ ಆಸ್ಪತ್ರೆ, ಆಸ್ಪತ್ರೆಯ ಪಕ್ಕದಲ್ಲೇ ಪೊಲೀಸ್ ಸ್ಟೇಷನ್ನು. ಆ ಮನೆಯವರಿಗೆ ಎರಡೂ ಹತ್ತಿರವಿರುವುದೇ ಒಳ್ಳೆಯದು, ಕಥೆ ಹಾಗಿದೆ.

ಅಸಿಸ್ಟೆಂಟ್ ಡೈರೆಕ್ಟರ್ ಕೈಯಲ್ಲಿ ಸದಾ ಮೈಕು ಇರುವುದರಿಂದ ಎಲ್ಲರೂ ಮೈಕಣ್ಣ ಎನ್ನುತ್ತಾರೆ. ಅವನು ಯಾರ ಹೆಸರನ್ನೂ ಕೇಳುವುದಿಲ್ಲ, ಬಟ್ಟೆಯ ಬಣ್ಣ ನೋಡಿ ಕರೆಯುತ್ತಾನೆ.

"ಏ ಹಳದಿ, ಎಡಗಡೆಯಿಂದ ಬಲಗಡೆಗೆ ಹೋಗು. ರೋಗೀನ ನೋಡೋಕೆ ಬಂದೋಳು ನೀನು."

ನನ್ನ ರೋಗಿ ಯಾರು ಎಂದು ಯೋಚಿಸಿದೆ. ಅಣ್ಣ, ಹೊಟ್ಟೆಯ ಆಪರೇಷನ್, ಉಳಿಯುವುದು ಕಷ್ಟ ಎಂದು ತೀರ್ಮಾನಿಸಿ, ಅರ್ಧ ದಾರಿಯಲ್ಲಿ ನಿಂತು, ಗೋಡೆಗೆ ಕೈಯಾನಿಸಿ ನಿಟ್ಟುಸಿರು ಬಿಟ್ಟೆ.

"ಹಳದಿ, ಏನಾಯ್ತಮ್ಮ? ಹುಷಾರಿಲ್ವಾ?"

"ಅಭಿನಯ ಸಾರ್."

"ಅದೆಲ್ಲ ಬೇಡ. ನಡೀ, ಸಾಕು."

ಹನ್ನೊಂದು ಸಲ ನಡೆದೆ. ಹನ್ನೊಂದು ಸಲವೂ ಕ್ಯಾಮೆರಾ ನೋಡಿದೆನಂತೆ. ಹನ್ನೆರಡನೆಯ ಸಲಕ್ಕೆ ನನ್ನ ಮುಂದೆ ನಡೆಯುತ್ತಿದ್ದ ಒಬ್ಬ ಅಜ್ಜ ತಿರುಗದೆಯೇ ಹೇಳಿದರು, "ನನ್ನ ಕೋಟಿನ ಹೊಲಿಗೆ ಎಣಿಸ್ಕೊಂಡು ಬಾ ತಾಯಿ." ಎಣಿಸಿದೆ. ಶಾಟ್ ಓಕೆ ಆಯಿತು. ಭುಜದಿಂದ ಸೊಂಟಕ್ಕೆ ಅರವತ್ನಾಲ್ಕು ಹೊಲಿಗೆ, ಎಡಗಡೆ ಎರಡು ಬಿಟ್ಟುಹೋಗಿದೆ. ಈ ಅಜ್ಜ ಹದಿನೆಂಟು ವರ್ಷದಿಂದ ಈ ಕೆಲಸದಲ್ಲಿದ್ದಾರೆ. ಟೀವಿಯಲ್ಲಿ ಅವರ ಬೆನ್ನು ನೋಡದವರಿಲ್ಲ, ಮುಖ ನೋಡಿದವರಿಲ್ಲ. ಹೆಸರೂ ಬೆನ್ನಜ್ಜ ಅಂತಲೇ ಬಿದ್ದಿದೆ.

ದೋಷ: ಕ್ಯಾಮೆರಾ ನೋಡಿದ್ದು, ಹನ್ನೊಂದು ಸಲ.

ಮಾರ್ಚ್ ೧೧, ಸೋಮವಾರ

ಸಂಜೆ ಏಳೂವರೆಗೆ ನನ್ನ ಆಸ್ಪತ್ರೆ ಬಂತು. ಅತ್ತೆ ಟೀವಿಯ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅರ್ಧ ಗಂಟೆ ಮೊದಲೇ ಕೂತಿದ್ದರು. ಕಥೆಯ ನಾಯಕಿಯನ್ನು ಸೆಟ್ಟಿನಲ್ಲಿ ಎಲ್ಲರೂ ಚಿಕ್ಕಸೊಸೆ ಎನ್ನುತ್ತಾರೆ. ಡಾಕ್ಟರು ಅವಳಿಗೆ ಏನೋ ಹೇಳುತ್ತಿರುವಾಗ ಅವರ ಭುಜದ ಹಿಂದೆ ಒಂದು ಹಳದಿ ತೋಳು ದಾಟಿಹೋಯಿತು.

"ನೀನು ಎಲ್ಲೇ?" ಎಂದರು ಅತ್ತೆ.

"ಹೋದೆ."

"ಯಾವಾಗ?"

ಅಷ್ಟರಲ್ಲಿ ಊರಿಂದ ಫೋನು. ಮೊದಲು ಅಮ್ಮ. "ಮೊಣಕೈ ಕಾಣಿಸ್ತು ಕಣೇ. ನನಗೆ ಗೊತ್ತಾಗಲ್ವಾ, ನಾನು ಹೆತ್ತ ಮೊಣಕೈ." ಆಮೇಲೆ ಅಪ್ಪ.

"ಮೊಣಕೈ ಮುಖ ಅಲ್ಲ."

"ಗೊತ್ತು ಅಪ್ಪ."

"ಅದಿರ್ಲಿ. ಆ ಆಸ್ಪತ್ರೆ ಗಡಿಯಾರ ನೋಡಿದ್ಯಾ? ಡಾಕ್ಟರು ಒಳಗೆ ಹೋದಾಗ ಹತ್ತು ಹತ್ತು. ಒಂದು ಮಾತಾಡಿ ಹೊರಗೆ ಬಂದ್ರು, ನಾಲ್ಕು ಇಪ್ಪತ್ತು. ಆರು ಗಂಟೆ ಹೊತ್ತು ಒಳಗೇನ್ ಮಾಡ್ತಿದ್ದ ಆ ಮನುಷ್ಯ?"

ಮಗಳು ಮೊದಲ ಸಲ ಟೀವಿಯಲ್ಲಿ ಬಂದ ದಿನ ಅಪ್ಪ ನೋಡಿದ್ದು ಗೋಡೆ ಗಡಿಯಾರ. ಸಿಟ್ಟು ಬಂತು. ಆದರೆ ಆರು ಗಂಟೆ ಹತ್ತು ನಿಮಿಷ ಸ್ವಲ್ಪ ಹೆಚ್ಚೇ ಆಯಿತು, ನಿಜ.

ಮಾರ್ಚ್ ೧೯, ಮಂಗಳವಾರ

ಇವತ್ತು ಬೆನ್ನಜ್ಜ ನನ್ನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿದರು. ಊಟದ ಹೊತ್ತಿನಲ್ಲಿ, ಕ್ಲೋಸಪ್ ಸಿಗಬೇಕಾದರೆ ಯಾರನ್ನು ಕೇಳಬೇಕು ಎಂದು ಅವರನ್ನು ವಿಚಾರಿಸಿದೆ. ಅವರು ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿದರು.

"ಮುಖ ಖರ್ಚು ಮಾಡ್ಕೋಬೇಡ ತಾಯಿ. ಒಂದ್ಸಲ ಸರಿಯಾಗಿ ಕಾಣಿಸ್ತು ಅಂದ್ರೆ ಈ ಸೀರಿಯಲ್ಲಲ್ಲಿ ನಿನ್ನ ಕಥೆ ಮುಗೀತು. ನರ್ಸು ಅಂತ ಗುರುತಾದೋಳು ನಾಳೆ ಮದುವೆಗೆ ಬರೋ ಹಾಗಿಲ್ಲ, ನಾಡಿದ್ದು ಅಳೋಕೆ ಬರೋ ಹಾಗಿಲ್ಲ. ಹೋದ ವರ್ಷ ಒಬ್ಬಳದು ನಾಲ್ಕು ಸೆಕೆಂಡು ಕಾಣಿಸ್ತು. ಈಗ ಬಟ್ಟೆ ಅಂಗಡೀಲಿದಾಳೆ. ಬೆನ್ನು ಹಾಗಲ್ಲ, ಬೆನ್ನು ಸವೆಯೋದಿಲ್ಲ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ಅಪ್ಪನ ಷರತ್ತಿಗೆ ಮುಖ ಬೇಕು, ಹೊಟ್ಟೆಪಾಡಿಗೆ ಬೆನ್ನು ಬೇಕು. ಸಂಜೆಯವರೆಗೂ ಯೋಚಿಸಿದೆ. ಷರತ್ತು ಗೆಲ್ಲಲು ಒಂದೇ ಒಂದು ಸಲ ಕಂಡರೆ ಸಾಕಲ್ಲ. ಆಮೇಲೆ ಬೇರೆ ಸೀರಿಯಲ್ ಹುಡುಕಿಕೊಂಡರಾಯಿತು, ಊರಿಗೊಂದೇ ದಾರಿಯೇ?

ಏಪ್ರಿಲ್ ೨, ಮಂಗಳವಾರ

ಇವತ್ತು ಪಾರ್ಟಿ ದೃಶ್ಯ. ನಾನು ಕ್ಯಾಮೆರಾಕ್ಕೆ ಬೆನ್ನು ಹಾಕಿ ತಟ್ಟೆ ಹಿಡಿದು ನಿಂತಿರಬೇಕು. ಉಪಾಯ ಮಾಡಿದೆ. ಹಿರಿಯ ಅತ್ತೆಯ ಪಾತ್ರದಾಕೆ ಕಿರುಚುವ ಹೊತ್ತಿಗೆ ಚಮಚ ಬೀಳಿಸಿದರೆ ತಿರುಗಿ ಬಗ್ಗಬಹುದು, ಬಗ್ಗಿದರೆ ಏಳಬಹುದು, ಎದ್ದಾಗ ಮುಖ ಕ್ಯಾಮೆರಾ ಕಡೆಗಿರುತ್ತದೆ. ಚಮಚ ಬೀಳಿಸಿದೆ. ಅದು ನೆಲದ ಮೇಲೆ ಜಾರಿಕೊಂಡು ಹೋಗಿ ಹಿರಿಯ ಅತ್ತೆಯ ಕಾಲಿಗೆ ತಗುಲಿತು. ಎರಡು ಪುಟದ ಮಾತು ತಪ್ಪಿಲ್ಲದೆ ಹೇಳಿ ಕೊನೆಯ ಸಾಲಿಗೆ ಬಂದಿದ್ದವರು ನಿಂತರು.

"ಹಳದಿ," ಎಂದಿತು ಮೈಕು. ಇವತ್ತು ನಾನು ಹಾಕಿದ್ದು ನೇರಳೆ ಬಟ್ಟೆ. ಹಳದಿ ಅಂತ ಕರೆದರೆ ನಾನೇ ಎಂದು ಎಲ್ಲರಿಗೂ ಗೊತ್ತಾಗುವ ಸ್ಥಿತಿಗೆ ಬಂದಿದ್ದೇನೆ. ನಲವತ್ತು ಜನರ ಮುಂದೆ ಚೆನ್ನಾಗಿ ಬೈಸಿಕೊಂಡೆ. ಮನೆಗೆ ಬಂದು ನನ್ನ ಅತ್ತೆಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ.

ದೋಷ: ದುರಾಸೆ. ಚಮಚ.

ಇನ್ನೊಂದು ದೋಷ, ನನ್ನದಲ್ಲ: ಚಿಕ್ಕಸೊಸೆಯ ಗಂಡ ಬಾಗಿಲಲ್ಲಿ ಬರುವಾಗ ಲೋಟ ಎಡಗೈಯಲ್ಲಿತ್ತು, ಸೋಫಾದಲ್ಲಿ ಕೂತಾಗ ಬಲಗೈಯಲ್ಲಿತ್ತು. ಯಾರೂ ಏನೂ ಅನ್ನಲಿಲ್ಲ.

ಏಪ್ರಿಲ್ ೧೧, ಗುರುವಾರ

ಸಾವು. ಅಳುವವರ ಮೂರನೇ ಸಾಲು. ಮುಖ ಕಾಣಲಿಲ್ಲ.

ದೋಷ: ಸತ್ತವರ ಕನ್ನಡಕ ಮೊದಲ ಶಾಟ್‌ನಲ್ಲಿ ಇತ್ತು, ಮೂರನೆಯದರಲ್ಲಿ ಇರಲಿಲ್ಲ, ಆರನೆಯದರಲ್ಲಿ ಮತ್ತೆ ಬಂತು.

ಏಪ್ರಿಲ್ ೨೩, ಮಂಗಳವಾರ

ಬರೆಯುವುದಕ್ಕೇ ನಾಚಿಕೆ. ಆದರೂ ಬರೆಯುತ್ತೇನೆ.

ಪ್ರತಿ ವಾರ ಅಪ್ಪನ ಫೋನು ಗಡಿಯಾರದ್ದೇ. ಹಾಲ್‌ನ ಗಡಿಯಾರದಲ್ಲಿ ಬೆಳಗಿನ ತಿಂಡಿಗೂ ಹತ್ತು ಹತ್ತು, ಸಂಜೆಯ ಜಗಳಕ್ಕೂ ಹತ್ತು ಹತ್ತು. "ಎಂಥ ಜನಾನಮ್ಮ," ಎನ್ನುತ್ತಾರೆ, ಅದನ್ನು ನಾನೇ ಕೆಡಿಸಿದ ಹಾಗೆ. ಇವತ್ತು ಹಾಲ್‌ನಲ್ಲಿ ಲೈಟು ಜೋಡಿಸುತ್ತಿದ್ದರು. ನಾನು ಗಡಿಯಾರದ ಕೆಳಗೆ ನಿಂತಿದ್ದೆ. ನಿಂತ ಗಡಿಯಾರ ಕಂಡರೆ ನಮ್ಮ ಮನೆಯವರ ಕೈ ಸುಮ್ಮನಿರುವುದಿಲ್ಲ. ಸ್ಟೂಲು ಹತ್ತಿ ಇಳಿಸಿ ನೋಡಿದೆ. ಬೇರೆ ಏನೂ ಆಗಿರಲಿಲ್ಲ, ಬ್ಯಾಟರಿ ಇರಲಿಲ್ಲ. ನನ್ನ ಚೀಲದ ಟಾರ್ಚಿನಿಂದ ಒಂದು ಬ್ಯಾಟರಿ ತೆಗೆದು ಹಾಕಿ, ಕೈಗಡಿಯಾರ ನೋಡಿ ಸಮಯ ಸರಿಮಾಡಿ ಮತ್ತೆ ತೂಗುಹಾಕಿದೆ. ಟಿಕ್ ಟಿಕ್ ಅಂದಿತು. ಎಷ್ಟು ಸಂತೋಷವಾಯಿತೆಂದರೆ, ಬಂದ ದಿನದಿಂದ ಈ ಊರಿನಲ್ಲಿ ನಾನು ಮಾಡಿದ ಮೊದಲ ಸರಿಯಾದ ಕೆಲಸ ಇದೇ ಅನ್ನಿಸಿತು.

ಮೂರು ಗಂಟೆ ಶೂಟಿಂಗ್ ನಡೆಯಿತು. ಕೊನೆಗೆ ಕಂಟಿನ್ಯೂಟಿ ಮೇಡಂ ಗೋಡೆಯ ಕಡೆ ಕತ್ತೆತ್ತಿ ನೋಡಿ, ಅಲ್ಲೇ ಕುರ್ಚಿಯ ಮೇಲೆ ಕುಸಿದರು. ಒಂದು ಶಾಟ್‌ಗೂ ಇನ್ನೊಂದಕ್ಕೂ ಎಲ್ಲವೂ ಒಂದೇ ರೀತಿ ಇದೆಯೇ ಎಂದು ನೋಡುವುದು ಅವರ ಕೆಲಸ. ಕಥೆಯಲ್ಲಿ ಆ ದೃಶ್ಯ ಬರೀ ಎರಡು ನಿಮಿಷದ್ದು, ಶಾಟ್‌ಗಳನ್ನು ತೆಗೆದದ್ದು ಹಿಂದುಮುಂದಾಗಿ. ಆದರೆ ಗಂಡ "ಯಾಕೆ?" ಎಂದು ಕೇಳಿದಾಗ ಗಡಿಯಾರದಲ್ಲಿ ಹನ್ನೊಂದೂ ಕಾಲು, ಹೆಂಡತಿ "ಸುಮ್ನೆ" ಎಂದಾಗ ಎರಡೂ ಹತ್ತು, ಗಂಡ ಮತ್ತೆ "ಹೇಳು" ಎಂದಾಗ ಹನ್ನೆರಡು.

"ಯಾರು ಬ್ಯಾಟರಿ ಹಾಕಿದ್ದು?" ಎಂದಿತು ಮೈಕು. ಗೋದಾಮೆಲ್ಲ ನಿಶ್ಶಬ್ದ. ಗಡಿಯಾರ ಮಾತ್ರ ಟಿಕ್ ಟಿಕ್ ಅನ್ನುತ್ತಿತ್ತು.

ಏಪ್ರಿಲ್ ೨೪, ಬುಧವಾರ

ಏಜೆಂಟಣ್ಣ ಇನ್ನು ಬರಬೇಡ ಎನ್ನುತ್ತಾನೆ ಎಂದುಕೊಂಡು ಹೋದೆ. ಗೇಟಿನಲ್ಲೇ ಕಂಟಿನ್ಯೂಟಿ ಮೇಡಂ ಕಾಯುತ್ತಿದ್ದರು. ಐವತ್ತು ದಾಟಿದವರು. ಕತ್ತಿನಲ್ಲಿ ಕನ್ನಡಕ, ಕಿವಿಯಲ್ಲಿ ಪೆನ್ಸಿಲ್ಲು, ಕೆನ್ನೆಗೆ ಒಂದು ಕೈ, ಯಾಕೆಂದರೆ ಸದಾ ಹಲ್ಲುನೋವು.

"ಬಾಮ್ಮ ಇಲ್ಲಿ. ಸೆಟ್ಟಿನ ಗಡಿಯಾರ ಓಡಬಾರದು. ಯಾಕೆ ಅಂತ ಈಗ ಗೊತ್ತಾಯ್ತಲ್ಲ?"

"ಗೊತ್ತಾಯ್ತು ಮೇಡಂ. ಆದ್ರೆ ನಿಂತಿದ್ರೂ ಪ್ರತಿ ದೃಶ್ಯಕ್ಕೆ ತಕ್ಕ ಹಾಗೆ ಮುಳ್ಳು ತಿರುಗಿಸಿ ಇಡ್ಬೇಕಲ್ವಾ? ಯಾವಾಗ್ಲೂ ಹತ್ತು ಹತ್ತು ಇರುತ್ತೆ."

ಅವರು ಕೆನ್ನೆ ಒತ್ತಿಕೊಂಡರು. "ಇಡ್ಬೇಕು. ನನಗಿರೋದು ಎರಡೇ ಕಣ್ಣು, ಎರಡೇ ಕೈ. ಗಡಿಯಾರ ಯಾರು ನೋಡ್ತಾರೆ?"

"ನಮ್ಮಪ್ಪ ನೋಡ್ತಾರೆ ಮೇಡಂ."

ಹಲ್ಲುನೋವಿನಲ್ಲೇ ನಕ್ಕರು. ಇನ್ನು ಮೇಲೆ ಗಡಿಯಾರದ ಜವಾಬ್ದಾರಿ ನನ್ನದಂತೆ. ಇದು ಶಿಕ್ಷೆ ಎಂದೇ ಮೈಕಣ್ಣ ಹೇಳಿದ. ನನ್ನಂಥವರು ಇನ್ನೊಬ್ಬರು ಹುಟ್ಟಬಾರದೆಂದು ಸೆಟ್ ಕಟ್ಟುವವರು ಗಡಿಯಾರದ ಒಳಗಿನ ಚಕ್ರಗಳನ್ನೆಲ್ಲ ಕಿತ್ತುಹಾಕಿ, ಮುಳ್ಳುಗಳನ್ನಷ್ಟೇ ಉಳಿಸಿದ್ದಾರೆ. ಈಗ ದೊಡ್ಡ ಮುಳ್ಳು ಬೇರೆ, ಚಿಕ್ಕ ಮುಳ್ಳು ಬೇರೆ, ಒಂದೊಂದನ್ನೂ ಬೆರಳಿನಿಂದ ತಳ್ಳಬೇಕು. ಮಾಡಿದ್ದುಣ್ಣೋ ಮಹಾರಾಯ.

ಮೇ ೩, ಶುಕ್ರವಾರ

ಒಂದು ತಿಂಗಳು ಉಳಿದಿದೆ. ಮುಖ ಎಲ್ಲೂ ಇಲ್ಲ. ಮದುವೆ ಒಂದು, ಸಾವು ಎರಡು, ಪೊಲೀಸ್ ಸ್ಟೇಷನ್ನಿನ ಹೊರಗೆ ಗುಂಪು ಮೂರು ಸಲ. ಎಲ್ಲದರಲ್ಲೂ ಬೆನ್ನು. ಅಮ್ಮ ನನ್ನ ಬೆನ್ನನ್ನು ಗುರುತಿಸುವುದರಲ್ಲಿ ಪಳಗಿದ್ದಾರೆ. "ಎಡಗಾಲ ಮೇಲೆ ಭಾರ ಹಾಕಿ ನಿಂತಿದ್ದೋಳು ನೀನೇ ತಾನೆ?" ಎಂದರು. ಅಪ್ಪ ಫೋನು ತೆಗೆದುಕೊಳ್ಳಲಿಲ್ಲ.

ಗಡಿಯಾರ: ಬೆಳಗಿನ ಕಾಫಿ, ಏಳು ನಲವತ್ತು. ಜಗಳ, ಏಳು ನಲವತ್ತೆರಡು. ಬೀಗದ ಕೈ ಕಳೆದದ್ದು, ಒಂಬತ್ತೂವರೆ.

ಮೇ ೧೪, ಮಂಗಳವಾರ

ಕೈಯಲ್ಲಿ ಹೊತ್ತಿಲ್ಲ. ಗಡಿಯಾರ ಒಂದೇ ಎಂದು ಶುರುವಾದದ್ದು, ಈಗ ಲೋಟ, ಚಪ್ಪಲಿ, ಕಿಟಕಿಯ ಪರದೆ ಎಲ್ಲ ನನ್ನ ತಲೆಗೆ ಬಂದಿದೆ. ಮೇಡಂಗೆ ಹಲ್ಲುನೋವು ಜೋರಾದಾಗಲೆಲ್ಲ "ಅದನ್ನೊಂದು ಬರ್ಕೊಳ್ಳೇ" ಎನ್ನುತ್ತಾರೆ. ಬೆರಳು ಕೊಟ್ಟರೆ ಹಸ್ತ ನುಂಗುವ ಜನ.

ಚಿಕ್ಕಸೊಸೆ: ಜಡೆ ಎಡಭುಜದ ಮುಂದೆ, ಕ್ಲಿಪ್ಪು ಎರಡು. ಗಂಡ: ತೋಳು ಮಡಿಸಿದ್ದು, ಬಲಗಡೆ ಮೂರು ಸುತ್ತು, ಎಡಗಡೆ ಎರಡೂವರೆ. ಹಿರಿಯ ಅತ್ತೆ: ಕುರ್ಚಿಯ ತುದಿಯಲ್ಲಿ, ಕೈಯಲ್ಲಿ ಕೀಲಿ ಗೊಂಚಲು, ದೊಡ್ಡ ಕೀಲಿ ಹೊರಗೆ. ಮೇಜು: ಲೋಟದಲ್ಲಿ ಹಾಲು ಮುಕ್ಕಾಲು, ತಟ್ಟೆಯಲ್ಲಿ ಬಿಸ್ಕತ್ತು ಐದು. ನಾಲ್ಕನೇ ಟೇಕಿಗೆ ಗಂಡ ಒಂದು ತಿಂದುಬಿಟ್ಟ, ಮತ್ತೊಂದು ತರಿಸಿದೆ. ಗಡಿಯಾರ ಐದೂ ಐದು.

ಅಪ್ಪ ಈಚೆಗೆ ಗಡಿಯಾರದ ಬಗ್ಗೆ ಏನೂ ಹೇಳುತ್ತಿಲ್ಲ. ಕೋಪ ಬಂದಿರಬೇಕು.

ಮೇ ೨೦, ಸೋಮವಾರ

ಮೈಕಣ್ಣ ಇವತ್ತು ನನ್ನನ್ನು "ಏ ಪುಸ್ತಕ" ಎಂದು ಕರೆದ. ಹಳದಿ ಹೋಗಿ ಪುಸ್ತಕ ಬಂತು.

ಬೆನ್ನಜ್ಜ ಕೇಳಿದರು, "ಮುಖದ ವಿಷಯ ಎಲ್ಲಿಗೆ ಬಂತು ತಾಯಿ? ಹದಿನೈದು ದಿನ ಆಯ್ತು, ನೀನು ಅದರ ಸುದ್ದಿನೇ ಎತ್ತಿಲ್ಲ." ಅಂಥದ್ದೇನೂ ಇಲ್ಲ, ದಿನಾ ಯೋಚಿಸುತ್ತೇನೆ ಎಂದೆ. ಯೋಚಿಸುತ್ತೇನೆ ಕೂಡ. ಇವತ್ತು ಮಾತ್ರ ಪೊಲೀಸ್ ಸ್ಟೇಷನ್ನಿನ ಕ್ಯಾಲೆಂಡರ್ ಹೋದ ತಿಂಗಳಿನದೇ ಇದ್ದದ್ದು ಕಣ್ಣಿಗೆ ಬಿದ್ದು, ಅದರ ಹಿಂದೆ ಓಡಾಡಿದ್ದಾಯಿತು. ಬೆನ್ನಜ್ಜನ ಕೋಟಿನಲ್ಲಿ ಬಿಟ್ಟುಹೋಗಿದ್ದ ಎರಡು ಹೊಲಿಗೆಯನ್ನೂ ಹಾಕಿಕೊಟ್ಟೆ. ಹದಿನೆಂಟು ವರ್ಷದಿಂದ ಯಾರೂ ನೋಡಿರಲಿಲ್ಲವಂತೆ.

ಮೇ ೨೭, ಸೋಮವಾರ

ಸಿಕ್ಕಿತು. ಮುಖ ಸಿಕ್ಕಿತು.

ಬರುವ ಶುಕ್ರವಾರ, ಬಾಗಿಲ ದೃಶ್ಯ. ಚಿಕ್ಕಸೊಸೆ ಓಡಿಬಂದು ಪಕ್ಕದ ಮನೆಯ ಬಾಗಿಲು ತಟ್ಟುತ್ತಾಳೆ. ಪಕ್ಕದ ಮನೆಯವಳು ಬಾಗಿಲು ತೆರೆದು, ಅವಳನ್ನು ನೋಡಿ, ಇಲ್ಲ ಎಂದು ತಲೆಯಾಡಿಸುತ್ತಾಳೆ. ಪಕ್ಕದ ಮನೆಯವಳು ನಾನು. ಮಾತಿಲ್ಲ. ಆದರೆ ಪೂರ್ತಿ ಮುಖ, ಆರು ಸೆಕೆಂಡು. ಟೀವಿಯಲ್ಲಿ ಬರುವುದು ಜೂನ್ ೩, ಸೋಮವಾರ. ಷರತ್ತಿಗೆ ಒಂದು ದಿನ ಮೊದಲು.

ಡೈರೆಕ್ಟರೇ ಹೇಳಿದರಂತೆ, ಆ ಪುಸ್ತಕದ ಹುಡುಗಿಗೆ ಕೊಡಿ, ಪಾಪ, ಓಡಾಡ್ತಾಳೆ ಅಂತ. ಬೆನ್ನಜ್ಜ ಮಾತ್ರ "ಖರ್ಚು ಮಾಡ್ತಿದೀಯಾ, ಹೂಂ," ಎಂದು ನನ್ನ ತಲೆ ಮುಟ್ಟಿದರು. ಅತ್ತೆ ಕೇಳಿ ಅಡುಗೆಮನೆಯ ಪರದೆಗೂ ಇಸ್ತ್ರಿ ಹಾಕಿದರು. ಅಮ್ಮ ಬೀದಿಯವರನ್ನೆಲ್ಲ ಟೀವಿ ನೋಡಲು ಕರೆಯುತ್ತಾರಂತೆ. ಅಪ್ಪನ ಉತ್ತರ ಒಂದೇ ಮಾತು, "ನೋಡೋಣ." ಕುಣಿಯುವ ಹಾಗಾಗಿದೆ. ಕನ್ನಡಿಯ ಮುಂದೆ ನಲವತ್ತು ಸಲ ತಲೆಯಾಡಿಸಿ ಈಗ ಕತ್ತು ನೋಯುತ್ತಿದೆ.

ಮೇ ೨೮, ಮಂಗಳವಾರ

ಅಡುಗೆಮನೆ ದೃಶ್ಯ. ಚಿಕ್ಕಸೊಸೆ ಹಣ್ಣು ಹೆಚ್ಚುವಾಗ ಬೆರಳು ಕೊಯ್ದುಕೊಂಡಳು, ಗಂಡ ಬ್ಯಾಂಡೇಜು ಕಟ್ಟಿದ. ಕೊಯ್ದದ್ದು ಸುಳ್ಳು, ಬ್ಯಾಂಡೇಜು ನಿಜ. ಬಲಗೈ ಹೆಬ್ಬೆರಳು, ಮೂರು ಸುತ್ತು, ಗಂಟು ಉಗುರಿನ ಕಡೆಗೆ. ಹಾಲ್‌ನ ಗಡಿಯಾರ ಎಂಟು ಹನ್ನೆರಡು.

ಮೇ ೩೧, ಶುಕ್ರವಾರ

ಇದನ್ನು ಸಮಾಧಾನದಿಂದ ಬರೆಯಬೇಕು.

ಬೆಳಿಗ್ಗೆಯಿಂದ ಎಲ್ಲವೂ ಚೆನ್ನಾಗಿತ್ತು. ನನಗೆಂದೇ ಮೇಕಪ್ಪು, ನನಗೆಂದೇ ಕುರ್ಚಿ. ಕಂಟಿನ್ಯೂಟಿ ಮೇಡಂ ಕೊನೆಗೂ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದರು. "ಇವತ್ತು ಕೆಲಸ ಬೇಡ, ನಟಿ ನೀನು," ಎಂದು ಫೋನಿನಲ್ಲಿ ಹೇಳಿ, ಪಕ್ಕದ ಸೆಟ್ಟಿನವರೊಬ್ಬರನ್ನು ನೋಡಿಕೊಳ್ಳಲು ಹಾಕಿದ್ದರು. ಬಾಗಿಲು ತೆರೆದೆ, ನೋಡಿದೆ, ತಲೆಯಾಡಿಸಿದೆ. ಎರಡನೇ ಟೇಕಿಗೆ ಓಕೆ. ಡೈರೆಕ್ಟರು "ಚೆನ್ನಾಗಿತ್ತು" ಎಂದರು. ನನಗೇ ಹೇಳಿದ್ದು, ಸುತ್ತ ಬೇರೆ ಯಾರೂ ಇರಲಿಲ್ಲ.

ಹೊರಗಿನ ಬೆಳಕು ಮುಗಿಯಲು ಅರ್ಧ ಗಂಟೆ ಇತ್ತು. ಚಿಕ್ಕಸೊಸೆ ಬೇರೆ ಊರಿಗೆ ಹೊರಡಲು ಅವಸರದಲ್ಲಿದ್ದಳು, ಕಾರು ಬಂದು ನಿಂತಿತ್ತು. ಅವಳು ಬಾಟಲಿಯಿಂದ ನೀರು ಕುಡಿಯುತ್ತಿದ್ದಾಗ ಬಾಟಲಿ ಹಿಡಿದ ಕೈ ನೋಡಿದೆ. ಬಲಗೈ. ಹೆಬ್ಬೆರಳು ಬರಿದಾಗಿತ್ತು.

ಪುಸ್ತಕ ತೆಗೆದು ನೋಡುವ ಅಗತ್ಯವೇ ಇರಲಿಲ್ಲ, ಆದರೂ ನೋಡಿದೆ. ಕಥೆಯಲ್ಲಿ ಇದು ಅದೇ ಬೆಳಿಗ್ಗೆ, ಬೆರಳು ಕೊಯ್ದುಕೊಂಡು ನಾಲ್ಕು ನಿಮಿಷ ಆಗಿದೆ ಅಷ್ಟೇ. ನನ್ನ ಮುಖದ ಶಾಟ್‌ನಲ್ಲಿ ಆ ಕೈ ಬಾಗಿಲ ಚೌಕಟ್ಟಿನ ಮೇಲಿದೆ, ನನ್ನ ಗಲ್ಲದಿಂದ ಒಂದು ಗೇಣು ದೂರದಲ್ಲಿ.

ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಗ ಅಪ್ಪನ ನೆನಪಾಯಿತು. ಸೋಮವಾರ ಬೀದಿಯವರೆಲ್ಲ ನನ್ನ ಮುಖ ನೋಡುವಾಗ ಅಪ್ಪ ಆ ಹೆಬ್ಬೆರಳು ನೋಡುತ್ತಾರೆ. ಅಷ್ಟೇ ಅಲ್ಲ. ನಾನೂ ಅದನ್ನೇ ನೋಡುತ್ತೇನೆ. ಕಾಲು ತಾನಾಗಿ ಮೈಕಣ್ಣನ ಕಡೆಗೆ ಹೋಯಿತು.

"ಸಾರ್, ಬ್ಯಾಂಡೇಜು ಇಲ್ಲ."

ಅವನು ಪುಸ್ತಕ ನೋಡಿದ, ಚಿಕ್ಕಸೊಸೆಯ ಕೈ ನೋಡಿದ, ನನ್ನನ್ನು ನೋಡಿದ. ಮೈಕನ್ನು ಕೆಳಗಿಳಿಸಿ ಮೆಲ್ಲಗೆ ಕೇಳಿದ, "ಇದನ್ನ ಹೇಳಿದ್ರೆ ನಿನ್ನ ಶಾಟೇ ಹೋಗುತ್ತೆ. ಗೊತ್ತಾ?"

"ಗೊತ್ತು ಸಾರ್."

ಡೈರೆಕ್ಟರು ತಲೆ ಕೆರೆದುಕೊಂಡರು. "ಎರಡೂ ಕಡೆಯಿಂದ ಮತ್ತೆ ತೆಗೆಯೋಕಾಗಲ್ಲ, ಒಂದೇ ಶಾಟ್‌ಗೆ ಟೈಮಿರೋದು. ಸೊಸೆ ಮುಖ ಬೇಕು, ಬ್ಯಾಂಡೇಜು ಬೇಕು. ಕ್ಯಾಮೆರಾ ತಿರುಗ್ಸಿ, ಬಾಗಿಲ ಒಳಗಡೆಯಿಂದ ತಗೊಳ್ಳೋಣ."

ಕ್ಯಾಮೆರಾ ನನ್ನ ಹಿಂದೆ ಬಂದು ನಿಂತಿತು. ಬ್ಯಾಂಡೇಜನ್ನು ನಾನೇ ಕಟ್ಟಿದೆ, ಮೂರು ಸುತ್ತು, ಗಂಟು ಉಗುರಿನ ಕಡೆಗೆ. ಆಮೇಲೆ ಬಾಗಿಲು ತೆರೆದೆ, ನೋಡಿದೆ, ತಲೆಯಾಡಿಸಿದೆ. ಒಂದೇ ಟೇಕಿಗೆ ಓಕೆ ಆಯಿತು. ಬೆನ್ನಜ್ಜ ಮೂಲೆಯಲ್ಲಿ ನಿಂತು ಎಲ್ಲ ನೋಡುತ್ತಿದ್ದರು. ತಮ್ಮ ಟೀ ಲೋಟವನ್ನು ನನಗೆ ಕೊಟ್ಟರು.

ಬಸ್ಸಿನಲ್ಲಿ ಅಳು ಬಂತು. ಎರಡು ಸ್ಟಾಪಿನವರೆಗೆ ಅಳುತ್ತಲೇ ನಿಂತಿದ್ದೆ, ಮೂರನೆಯದರಲ್ಲಿ ಸೀಟು ಸಿಕ್ಕಿತು.

ಜೂನ್ ೧, ಶನಿವಾರ

ಮೇಡಂ ಬಂದರು, ಕೆನ್ನೆ ಊದಿಕೊಂಡಿದೆ. ಮಾತಾಡಲು ಆಗದೆ ಚೀಟಿಯಲ್ಲಿ ಬರೆದು ಕೊಟ್ಟರು: "ಸೋಮವಾರದಿಂದ ನೀನು ನನ್ನ ಅಸಿಸ್ಟೆಂಟು. ಡೈರೆಕ್ಟರು ಒಪ್ಪಿದ್ದಾರೆ." ಜೂನ್ ನಾಲ್ಕಕ್ಕೆ ಊರಿಗೆ ಹೋಗಬೇಕು ಎಂದೆ. ಯಾಕೆ ಎಂದು ಬರೆದರು. ಮಾತು ಕೊಟ್ಟಿದ್ದೇನೆ ಎಂದೆ. ಅವರು ಆ ಚೀಟಿ ವಾಪಸು ತೆಗೆದುಕೊಳ್ಳಲಿಲ್ಲ.

ಜೂನ್ ೩, ಸೋಮವಾರ

ಏಳೂವರೆಗೆ ಬಂತು. ಚಿಕ್ಕಸೊಸೆಯ ಮುಖ, ಕಣ್ಣೀರು, ಬ್ಯಾಂಡೇಜು. ಈಚೆ ಕಡೆ ಅರ್ಧ ತೆರೆಯಷ್ಟು ನನ್ನ ಬೆನ್ನು. ಇಷ್ಟು ದೊಡ್ಡದಾಗಿ ನನ್ನ ಬೆನ್ನನ್ನು ನಾನು ನೋಡಿರಲಿಲ್ಲ. ಅತ್ತೆ "ತಲೆ ಚೆನ್ನಾಗಿ ಆಡಿಸ್ದೆ," ಎಂದರು, ಪಾಪ.

ಫೋನು ಬರಲಿಲ್ಲ. ಬೀದಿಯವರೆಲ್ಲ ಬಂದಿದ್ದರೇನೋ. ಅಮ್ಮ ಅವರಿಗೆ ಏನು ಹೇಳಿದರೋ. ಬ್ಯಾಗಿಗೆ ಬಟ್ಟೆ ಹಾಕಿದೆ. ಅತ್ತೆ ತೆಗೆದು, ಮಡಿಸಿ, ಮತ್ತೆ ಹಾಕಿದರು.

ಜೂನ್ ೪, ಮಂಗಳವಾರ

ಬೆಳಿಗ್ಗೆ ಆರಕ್ಕೆ ಅಪ್ಪನ ಫೋನು.

"ಮುಖ ಕಾಣಿಸ್ಲಿಲ್ಲ."

"ಇಲ್ಲ ಅಪ್ಪ."

"ಸೋತೆ ಹಾಗಾದ್ರೆ."

"ಹೌದು. ಹತ್ತು ಗಂಟೆ ಬಸ್ಸಿಗೆ ಹೊರಡ್ತೀನಿ."

ಆ ಕಡೆ ಅಂಗಡಿಯ ಗಡಿಯಾರಗಳ ಸದ್ದು ಕೇಳುತ್ತಿತ್ತು. ಇಷ್ಟು ಬೇಗ ಅವರು ಅಂಗಡಿ ತೆಗೆಯುವುದಿಲ್ಲ.

"ಆ ಹುಡುಗಿ ಮನೆ ಬಿಟ್ಟಾಗ ಎಂಟು ಹದಿನಾಲ್ಕು. ವಾಪಸ್ ಬಂದಾಗ ಎಂಟು ಹದಿನೆಂಟು. ಪಕ್ಕದ ಮನೆಗೆ ಹೋಗಿ ಬರೋಕೆ ಅಷ್ಟೇ ಹೊತ್ತು ಬೇಕು."

"ಹೂಂ."

"ಹೋದ ತಿಂಗಳಿಂದ ಗಡಿಯಾರ ಸರಿ ಇದೆ. ಮೊದಲು ಯಾರೋ ಬುದ್ಧಿ ಇರೋರು ಸೇರ್ಕೊಂಡ್ರು ಅನ್ಕೊಂಡೆ. ಆಮೇಲೆ ಒಂದಿನ ಒಂಬತ್ತೂವರೆ ತೋರ್ಸಿದ್ರು. ಚಿಕ್ಕ ಮುಳ್ಳು ಒಂಬತ್ತರ ಮೇಲಿರ್ಲಿಲ್ಲ, ಒಂಬತ್ತು ಹತ್ತರ ಸರಿಯಾಗಿ ಮಧ್ಯೆ ಇತ್ತು. ಕೈಯಲ್ಲಿ ಮುಳ್ಳು ತಳ್ಳೋರು, ಗಡಿಯಾರದಂಗಡೀಲಿ ಬೆಳೆದೋರು ಬಿಟ್ಟು, ಯಾರೂ ಹಾಗೆ ಇಡೋದಿಲ್ಲ. ನಿಮ್ಮಮ್ಮ ನಿನ್ನ ಮೊಣಕೈ ಹುಡುಕ್ತಾ ಕೂತಿದ್ಲು. ನಾನು ಆವತ್ತಿಂದ ದಿನಾ ನಿನ್ನ ನೋಡ್ತಾನೇ ಇದೀನಿ."

ಅಳುತ್ತಿದ್ದೆ, ನಗುತ್ತಲೂ ಇದ್ದೆ, ಅತ್ತೆ ಗಾಬರಿಯಾಗಿ ಪರದೆ ಸರಿಸಿ ನೋಡಿದರು.

"ಅಲ್ಲಿ ಎಷ್ಟು ಗಡಿಯಾರ ಇದಾವೆ?" ಎಂದರು ಅಪ್ಪ.

"ಹಾಲ್‌ನಲ್ಲಿ ಒಂದು, ಆಸ್ಪತ್ರೇಲಿ ಎರಡು, ಸ್ಟೇಷನ್ನಲ್ಲಿ ಒಂದು."

"ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ಬರೋದು ನಮ್ಮ ಅಂಗಡೀಲಿ ಇಲ್ಲ. ಅದನ್ನ ಮುಗಿಸ್ಕೊಂಡು ಬಾ."

"ಅದು ಮುಗಿಯೋ ಕೆಲಸ ಅಲ್ಲ ಅಪ್ಪ. ದಿನಾ ಇಡ್ಬೇಕು."

"ಗೊತ್ತು," ಎಂದರು. "ಆ ಪುಸ್ತಕ ತುಂಬಿದ್ರೆ ಹೇಳು, ಇನ್ನೊಂದು ಕಳಿಸ್ತೀನಿ."

ಆರೂ ಮುಕ್ಕಾಲಿಗೆ ಸ್ಟುಡಿಯೋದಲ್ಲಿದ್ದೆ. ಮೊದಲ ದಿನದ ಪುಟ ತೆಗೆದು "ಕೊಡುವ ದಿನ" ಎಂಬಲ್ಲಿದ್ದ ಜೂನ್ ನಾಲ್ಕನ್ನು ಹೊಡೆದುಹಾಕಿದೆ.

ವಸ್ತು: ಗಡಿಯಾರ, ನಾಲ್ಕು. ದೋಷ: ಓಡುವುದಿಲ್ಲ, ಓಡಲೂಬಾರದು. ಹಾಲ್‌ನದು ಎಂಟು ಇಪ್ಪತ್ತು. ಬ್ಯಾಂಡೇಜು ಇವತ್ತೂ ಇರಬೇಕು, ಕಥೆಯಲ್ಲಿ ಇನ್ನೂ ಅದೇ ಬೆಳಿಗ್ಗೆ ನಡೆಯುತ್ತಿದೆ.